ಅಮಾವಾಸ್ಯೆಯ ಗೇಣು

ಇನ್ಸ್‌ಪೆಕ್ಟರು ನೀರು ಕೇಳಲಿಲ್ಲ, ಕೂರಲಿಲ್ಲ, ಮನೆಯ ಯಜಮಾನ ಯಾರೆಂದೂ ವಿಚಾರಿಸಲಿಲ್ಲ. ಹೊಸ್ತಿಲು ದಾಟಿದವರೇ ನೆಟ್ಟಗೆ ಪಡಸಾಲೆಯ ಮೂಲೆಗೆ ಹೋಗಿ ಮಗ್ಗದ ಮೇಲೆ ಹೊದಿಸಿದ್ದ ಗೋಣಿತಟ್ಟು ಎತ್ತಿದರು. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಕೊಟ್ರಬಸಮ್ಮನ ಕೈ ಅಲ್ಲೇ ನಿಂತಿತು. ಆ ತಟ್ಟಿನ ಕೆಳಗೆ ಏನಿದೆ ಎಂಬುದು ಮನೆಯವರಿಗೆ ಬಿಟ್ಟರೆ ದೇವಿ ಬನಶಂಕರವ್ವನಿಗೆ ಮಾತ್ರ ಗೊತ್ತಿರಬೇಕಾಗಿತ್ತು.

ಇದ್ದದ್ದಾದರೂ ಏನು ಮಹಾ, ಒಂದು ಗೇಣು ಬಟ್ಟೆಗೆ ಬಿಗಿದ ನೂಲು. ಕಂಪ್ಲಿಯ ನೇಕಾರರ ಓಣಿಯಲ್ಲಿ ಬರಿ ಮಗ್ಗ ಮನೆಗೆ ಆಗಿಬರುವುದಿಲ್ಲ. ನೂಲಿರಲಿ ಇಲ್ಲದಿರಲಿ, ಹಳೆಯ ಕಡಿನೂಲನ್ನೇ ಗಂಟು ಹಾಕಿ ಗೇಣಗಲಕ್ಕೆ ಉದ್ದೆಳೆಯ ಹಾಸು ಬಿಗಿದು, ಅಮಾವಾಸ್ಯೆಗೊಮ್ಮೆ ಮನೆಯ ಹಿರಿಯ ಹೆಂಗಸು ಮಗ್ಗದ ಕುಣಿಗಿಳಿದು ಒಂದು ಗೇಣು ನೇಯಬೇಕು. ಆ ಗೇಣನ್ನು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಬನಶಂಕರಿಯ ಮುಂದೆ ಬತ್ತಿ ಹಚ್ಚುತ್ತಾರೆ. ಅತ್ತೆ ಸಂಗಮ್ಮನ ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಆ ಗೇಣು ಕೊಟ್ರಬಸಮ್ಮನ ಪಾಲಿಗೆ ಬಂದಿತ್ತು. ಮೊನ್ನೆಯ ಅಮಾವಾಸ್ಯೆಗೆ ನೇಯ್ದದ್ದನ್ನು ಕತ್ತರಿಸಿದ ಮೇಲೂ ಮುಂದಿನದಕ್ಕೆಂದು ನಾಲ್ಕು ಅಡ್ಡೆಳೆ ಹೊಕ್ಕು ಹಾಕಿ ಬಿಟ್ಟಿದ್ದಳು, ಅದೂ ಪದ್ಧತಿಯೇ.

"ಇದೇನಮ್ಮ?" ಎಂದರು ಇನ್ಸ್‌ಪೆಕ್ಟರು.

"ದೇವಿ ಗೇಣು ರೀ ಸ್ವಾಮಿ. ಮಾರಾಕಲ್ಲ, ಬತ್ತಿಗೆ."

"ಹಾಸು ಐತೋ ಇಲ್ಲೋ?"

"ಐತ್ರಿ."

"ಹೊಕ್ಕು ಬಿದ್ದೈತೋ ಇಲ್ಲೋ?"

"ಬಿದ್ದೈತ್ರಿ, ಆದರ…"

"ಹಂಗಾದ್ರ ಇದು ನಡಿಯೋ ಮಗ್ಗ." ಅವರು ತಟ್ಟನ್ನು ಕೆಳಕ್ಕೆ ಬಿಟ್ಟು ಕೈ ಕೊಡವಿಕೊಂಡರು.

ಯುದ್ಧ ಶುರುವಾದ ಮೇಲೆ ಗಿರಣಿಯ ನೂಲೆಲ್ಲ ದಂಡಿನವರ ಬಟ್ಟೆಗೇ ಹೋಗಿ ಈ ಓಣಿಯ ಮಗ್ಗಗಳು ಒಂದೊಂದಾಗಿ ಸುಮ್ಮನಾಗಿದ್ದವು. ಕೆಲಸ ನಿಂತ ನೇಕಾರರಿಗೆಂದು ಸರಕಾರ ಪರಿಹಾರ ತೆಗೆಯಿತು. ಸೋಮವಾರಕ್ಕೊಮ್ಮೆ ಛತ್ರದ ಮುಂದೆ ಹೆಸರು ಕೂಗಿ ತಲೆಗೆ ಇಷ್ಟು ಅಂತ ಜೋಳ ಅಳೆದು ಕೊಡುತ್ತಿದ್ದರು, ಉಪ್ಪು ಮೆಣಸಿನಕಾಯಿಗೆ ಒಂದಿಷ್ಟು ಚಿಲ್ಲರೆ. ಷರತ್ತು ಎರಡೇ: ಮನೆಯಲ್ಲಿ ಮಗ್ಗ ನಡೆಯಬಾರದು, ಮನೆಯವರು ಯಾರೂ ಎಲ್ಲೂ ಕೂಲಿ ಗಳಿಸಬಾರದು. ಕೊಟ್ರಬಸಮ್ಮನ ಗಂಡ ಹಾಲಸ್ವಾಮಿ ಎರಡಕ್ಕೂ ಹೂಂ ಎಂದು ಹೆಬ್ಬೆಟ್ಟು ಒತ್ತಿ ಬಂದಿದ್ದ. ಮುಂಗಾರಿನಿಂದ ದೀಪಾವಳಿಯವರೆಗೆ ಆ ಮನೆಯ ನಾಲ್ಕು ಹೊಟ್ಟೆ ತುಂಬಿದ್ದು ಆ ಜೋಳದಿಂದಲೇ.

ಹಿತ್ತಲಲ್ಲಿದ್ದ ಹಾಲಸ್ವಾಮಿ ಸದ್ದು ಕೇಳಿ ಓಡಿಬಂದ. ಇನ್ಸ್‌ಪೆಕ್ಟರು ಅವನ ಮುಖ ನೋಡದೆ ಹೇಳಿದರು. ಇಲ್ಲಿಯವರೆಗೆ ತೆಗೆದುಕೊಂಡದ್ದೆಲ್ಲ ಹೆಚ್ಚಿಗೆ ಹೋದದ್ದು, ವಾಪಸು ಬರಬೇಕು. ಕಾರ್ತೀಕ ಮುಗಿಯುವುದರೊಳಗೆ ನಲವತ್ತು ರೂಪಾಯಿ ಕಟ್ಟಬೇಕು.

"ಕಟ್ಟದಿದ್ದರ?" ಎಂದ ಹಾಲಸ್ವಾಮಿ.

"ಸುಳ್ಳು ಹೆಬ್ಬೆಟ್ಟಿಗೆ ಕೇಸು. ಬಳ್ಳಾರಿ ಜೈಲು ನೋಡಿಯೇನು?"

ಗೋಡೆಗೊರಗಿ ಕೂತಿದ್ದ ಸಂಗಮ್ಮ, "ದೇವಿ ಬತ್ತಿಗೂ ಸರಕಾರದ್ದು ಅಪ್ಪಣಿ ಬೇಕೇನಪ್ಪಾ?" ಎಂದಳು. ಇನ್ಸ್‌ಪೆಕ್ಟರು ಹೊಸ್ತಿಲು ದಾಟಿ ಹೋದರು. ಅವರನ್ನು ಬೈದು ಉಪಯೋಗವಿಲ್ಲ, ಮೇಲಿನವರು ಹೇಳಿದ್ದನ್ನೇ ಅವರು ಬಂದು ಹೇಳಿದ್ದರು. ಬೈಯಬೇಕಾದವರು ಬೇರೆ ಇದ್ದರು. ಬೇರೆ ಯಾರ ಮನೆಗೂ ಹೋಗದ ಆ ಮನುಷ್ಯ, ಈ ಮನೆಗೇ ಬಂದು ಆ ಮೂಲೆಗೇ ಕೈ ಹಾಕಿದ್ದ. ಯಾರೋ ಹೇಳಿಕೊಟ್ಟಿದ್ದರು.

ಸಂಜೆ ಮೈದುನ ಉಜ್ಜಿನಪ್ಪ ಹೊಳೆ ದಾಟಿ ಬಂದ. ಕೆಲಸ ಹುಡುಕುತ್ತೇನೆಂದು ಅವನು ವಾರಕ್ಕೆ ನಾಲ್ಕಾರು ದಿನ ಹರಿಗೋಲಿನಲ್ಲಿ ಆಚೆ ನಿಜಾಮರ ಸೀಮೆಗೆ ಹೋಗುವವನು. ಸಿಕ್ಕಿತೇ ಎಂದರೆ ಇಲ್ಲ ಎನ್ನುವವನು. ಬರುವಾಗ ಒಂದು ಚಿಪ್ಪು ಬಾಳೆಹಣ್ಣೋ, ಅವ್ವನಿಗೆ ಎಲೆ ಅಡಿಕೆಯೋ ತರುತ್ತಿದ್ದ. ಯಾರೋ ಪುಣ್ಯಾತ್ಮರು ಕೊಟ್ಟರು ಎನ್ನುತ್ತಿದ್ದ. ಕೊಟ್ರಬಸಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಮೂಗು ಸೋರುವ ಐದು ವರ್ಷದ ಹುಡುಗ. ಅವಳು ಹೆತ್ತದ್ದು ಎರಡೂ ಉಳಿಯಲಿಲ್ಲ. ಉಳಿದ ಹಾಲು ಅನ್ನ ಮುದ್ದು ಎಲ್ಲ ಇವನಿಗೇ ಹೋಯಿತು. ಅಂಚು ನೆಗ್ಗಿದ ಒಂದು ಹಿತ್ತಾಳೆ ಗಂಗಾಳ ಇತ್ತು, ಹಟ ಮಾಡಿ ನೆಲಕ್ಕೆ ಕುಕ್ಕಿ ಅದನ್ನು ನೆಗ್ಗಿಸಿದವನೂ ಅವನೇ. ಇಪ್ಪತ್ಮೂರು ವರ್ಷವಾದರೂ ಅದರಲ್ಲೇ ಉಣ್ಣುತ್ತಿದ್ದ.

ಸುದ್ದಿ ಕೇಳಿ ಉಜ್ಜಿನಪ್ಪ ಕೈಯಲ್ಲಿದ್ದ ತುತ್ತು ಕೆಳಗಿಟ್ಟ. "ಯಾರು ಹೇಳಿರಬೇಕು?" ಎಂದ.

"ಬಾಜೂ ಮನಿ ತಾಯಕ್ಕ ಅದಾಳಲ್ಲ," ಎಂದಳು ಕೊಟ್ರಬಸಮ್ಮ. "ಅಮಾಸಿ ದಿನ ಎಣ್ಣಿ ಕೇಳಾಕ ಬಂದು ನಾ ಕುಣ್ಯಾಗ ಕುಂತದ್ದು ನೋಡಿ ಹೋದ್ಳು."

"ಅವಳ ಇರಬೇಕು ಬಿಡು," ಎಂದ ಉಜ್ಜಿನಪ್ಪ. ತುತ್ತನ್ನು ಮತ್ತೆ ಕೈಗೆತ್ತಿಕೊಂಡ.

ಮರುದಿನ ಬಾವಿಕಟ್ಟೆಯಲ್ಲಿ ಕೊಟ್ರಬಸಮ್ಮ ಕೊಡ ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಗಿಸಿದಳು. ಓಣಿಗೆ ಓಣಿಯೇ ಕೇಳುವಂತೆ ತಾಯಕ್ಕನ ಕುಲಗೋತ್ರ ಜಾಲಾಡಿದಳು. ಉಂಡ ಮನೆಯ ಜಂತಿ ಎಣಿಸುವವಳು ಎಂದಳು, ನಿನ್ನ ನಾಲಗೆಗೆ ಹುಳ ಬೀಳಲಿ ಎಂದಳು. ತಾಯಕ್ಕ ಕೊಡಕ್ಕೆ ಹಗ್ಗ ಬಿಗಿಯುತ್ತ ಎಲ್ಲ ಕೇಳಿಸಿಕೊಂಡಳು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದಳು.

"ನಮ್ಮನ್ಯಾಗೂ ಹಾಸು ಐತಿ, ಕೊಟ್ರಬಸವ್ವ. ಈ ಓಣ್ಯಾಗ ಯಾರ ಮನ್ಯಾಗ ಇಲ್ಲ ಹೇಳು. ನಿನ್ನ ಮ್ಯಾಲೆ ಹೇಳಿ ನನ್ನ ಕುತ್ತಿಗಿ ನಾನ ಕೊಯ್ಕೊಳ್ಳೇನು? ಹೊರಗ ಹುಡುಕಬ್ಯಾಡ. ಮನಿ ಒಳಗ ಹುಡುಕು."

ಕೊಟ್ರಬಸಮ್ಮನಿಗೆ ಮೈ ಉರಿದುಹೋಯಿತು. ಮನೆಯೊಳಗೆ ಯಾರಿದ್ದಾರೆ, ಕಣ್ಣಿಲ್ಲದ ಅತ್ತೆಯೋ, ಹೆಬ್ಬೆಟ್ಟು ಒತ್ತಿದ ಗಂಡನೋ? ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಬಂದುಬಿಟ್ಟಳು. ಅವತ್ತು ಮಧ್ಯಾಹ್ನವೇ ಓಣಿಯ ಎಲ್ಲ ಮನೆಗಳಲ್ಲೂ ಕಡಿನೂಲಿನ ಹಾಸುಗಳನ್ನು ಕತ್ತರಿಸಿ ಒಲೆಗೆ ಹಾಕಿದರು. ನಿಮ್ಮಿಂದ ನಮ್ಮ ಮಗ್ಗ ಬರಿದಾದವು ಎಂದು ಇವರ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸತೊಡಗಿದರು.

ಜೋಳ ನಿಂತಿತು. ಮೊದಲು ರೊಟ್ಟಿ ತೆಳುವಾಯಿತು, ಆಮೇಲೆ ರೊಟ್ಟಿ ಹೋಗಿ ನುಚ್ಚಾಯಿತು, ನುಚ್ಚು ಹೋಗಿ ಅಂಬಲಿಯಾಯಿತು. ಹಾಲಸ್ವಾಮಿ ಹೊಸಪೇಟೆ ರಸ್ತೆಯ ಜಲ್ಲಿ ಕೆಲಸಕ್ಕೆ ಹೋದ. ನೂಲಿನ ಎಳೆ ಹಿಡಿದ ಬೆರಳು ಅವು, ಎರಡೇ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಕೊಟ್ರಬಸಮ್ಮ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚುತ್ತ, "ನಲವತ್ತು ರೂಪಾಯಿ ಈ ಕೈಯಿಂದ ಯಾವಾಗ ಆದೀತು?" ಎಂದಳು.

"ಆಗೂದಿಲ್ಲ," ಎಂದ ಹಾಲಸ್ವಾಮಿ. "ಕಾರ್ತೀಕ ಇನ್ನ ಎಷ್ಟೈತಿ?"

ಅದಕ್ಕೆ ಉಜ್ಜಿನಪ್ಪ ಬಾಯಿ ತೆಗೆದ. "ಅಣ್ಣ, ಒಂದು ಮಾತು ಹೇಳ್ತೀನಿ, ಸಿಟ್ಟು ಮಾಡಬ್ಯಾಡ. ಮಗ್ಗ ಕೊಟ್ಟುಬಿಡೋಣ. ನೂಲ ಇಲ್ಲ, ಇದ್ದೇನು ಮಾಡ್ತದ ಅದು?"

"ಏನಂದಿ?" ಎಂದಳು ಸಂಗಮ್ಮ.

"ಮಗ್ಗ ಅವ್ವ. ಸಂಡೂರು ಕಡೆ ಒಬ್ಬರಿಗೆ ಬೇಕಾಗೇತಂತ. ದಲ್ಲಾಳಿ ಉಚ್ಚೆಂಗಪ್ಪ ಸಿಕ್ಕಿದ್ದ, ನಲವತ್ತೈದು ಕೊಡಸ್ತೀನಿ ಅಂದ. ಅಣ್ಣ ಜೈಲಿಗೆ ಹೋಗೋದಕ್ಕಿಂತ ಮಗ್ಗ ಹೋಗ್ಲಿ."

"ನಿಮ್ಮಪ್ಪ ತೇಗದ ಕಟ್ಟಿಗಿ ತಂದು ಮಾಡಿಸಿದ್ದು ಅದು. ಅದರ ಮ್ಯಾಲೆ ನಿನ್ನ ತೊಟ್ಟಿಲ ಕಟ್ಟಿದ್ದೆ ನಾನು. ಯುದ್ಧ ಇವತ್ತಿಲ್ಲ ನಾಳೆ ಮುಗೀತದ, ನೂಲ ಬರ್ತದ, ಆವಾಗ ಏನು ಬಾಯಾಗ ನೇಯ್ತೀರೇನು?"

"ಮುಗಿಯೋತನ ಏನು ತಿನ್ನೋದು?"

"ಮಗ್ಗ ಹೋದರ ಈ ಮನಿ ನೇಕಾರರ ಮನಿ ಅಲ್ಲ, ಕಲ್ಲೊಡಿಯೋರ ಮನಿ. ಅಷ್ಟು ತಿಳಕೋ."

"ಜೈಲಿಗೆ ಹೋಗೋದು ನೀನಲ್ಲವ್ವ, ಅಣ್ಣ."

ಹಾಲಸ್ವಾಮಿ ಎಣ್ಣೆ ಹಚ್ಚಿದ ಅಂಗೈಯನ್ನೇ ನೋಡುತ್ತಿದ್ದ. "ತಮ್ಮ ಹೇಳೋದು ಖರೇನ ಐತಿ," ಎಂದು ಎದ್ದುಹೋದ. ಸಂಗಮ್ಮ ಅವತ್ತು ಅಂಬಲಿ ಮುಟ್ಟಲಿಲ್ಲ.

ಎರಡು ದಿನ ಬಿಟ್ಟು ಉಚ್ಚೆಂಗಪ್ಪ ಬಂದ. ಬಾಯಿ ತುಂಬ ಎಲೆ ಅಡಿಕೆ, ತೋಳಿಗೆ ಬೆಳ್ಳಿ ತಾಯಿತ. ಮಗ್ಗದ ಬಟ್ಟೆ ಸುತ್ತುವ ಕುಂಟೆ, ಎಳೆ ಹಾಯುವ ಹಣಿಗೆ ಎಲ್ಲ ತಟ್ಟಿ ನೋಡಿ ಮುಂಗಡ ಐದು ರೂಪಾಯಿ ಹಾಲಸ್ವಾಮಿಯ ಕೈಗಿಟ್ಟ. "ಬರೋ ಸೋಮವಾರ ಬಂಡಿ ತರ್ತೀನಿ," ಎಂದ. "ಅಷ್ಟರಾಗ ಮನಸು ಬದಲಾದ್ರ ಮುಂಗಡ ತಿರುಗಿ ಕೊಟ್ಟುಬಿಡ್ರಿ, ನಾನೇನು ಜುಲುಮಿ ಮಾಡೋನಲ್ಲ."

ಗುರುವಾರ ಮಧ್ಯಾಹ್ನ ಉಜ್ಜಿನಪ್ಪ ಕುಂಟುತ್ತ ಬಂದು ಹಿತ್ತಲ ಕಟ್ಟೆಯ ಮೇಲೆ ಕೂತ. ಹೊಳೆದಂಡೆಯಲ್ಲಿ ಜಾಲಿಮುಳ್ಳು ತುಳಿದಿದ್ದ. ಹಾಲಸ್ವಾಮಿ ಜಲ್ಲಿಗೆ ಹೋಗಿದ್ದ, ಸಂಗಮ್ಮ ಒಳಗೆ ಮಲಗಿದ್ದಳು. ಕೊಟ್ರಬಸಮ್ಮ ಸೂಜಿ ತಂದು, ಅವನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು. ಚಿಕ್ಕವನಿದ್ದಾಗ ಹೀಗೇ ಎಷ್ಟು ಮುಳ್ಳು ತೆಗೆದಿದ್ದಳೋ.

"ಮೆಲ್ಲಕ ಅತ್ತಿಗಿ."

"ಸುಮ್ನಿರೋ, ಇನ್ನೂ ಮುಟ್ಟೇ ಇಲ್ಲ. ಹುಡುಗಿ ನೋಡೋ ವಯಸ್ಸಾತು, ಮುಳ್ಳಿಗೆ ಅಳ್ತಾನ."

ಮುಳ್ಳು ಹೆಬ್ಬೆರಳ ಬುಡದಲ್ಲಿತ್ತು. ಬೆರಳನ್ನು ಪಕ್ಕಕ್ಕೆ ಸರಿಸಿದಳು. ಸರಿಸಿದವಳು ಹಾಗೇ ಹಿಡಿದುಕೊಂಡು ಕೂತಳು. ಕುಣಿಮಗ್ಗದಲ್ಲಿ ಕಾಲಿನ ಹಲಗೆಗೆ ಹಗ್ಗದ ಗುಂಡು ಕಟ್ಟಿರುತ್ತದೆ. ನೇಯುವವನು ಅದನ್ನು ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಹಿಡಿದು ತುಳಿಯುತ್ತಾನೆ. ಅಲ್ಲಿ ಚರ್ಮ ಗಟ್ಟಿಯಾಗಿ ದಡ್ಡು ಬೀಳುತ್ತದೆ, ನೇಕಾರನಿಗೆ ಬಿಟ್ಟು ಬೇರಾರಿಗೂ ಆ ಜಾಗದಲ್ಲಿ ದಡ್ಡು ಬೀಳುವುದಿಲ್ಲ. ಮಗ್ಗ ನಿಂತ ಮೇಲೆ ಹಾಲಸ್ವಾಮಿಯ ಕಾಲಿನ ದಡ್ಡು ಸುಲಿದು ಸುಲಿದು ಉದುರಿ, ಈಗ ಅಲ್ಲಿ ಕೂಸಿನ ಚರ್ಮದಂಥ ಚರ್ಮ. ಉಜ್ಜಿನಪ್ಪನ ಕಾಲಲ್ಲಿ ದಡ್ಡು ಗಟ್ಟಿಯಾಗಿತ್ತು. ಅಂಚಿನಲ್ಲಿ ಹಗ್ಗ ಉಜ್ಜಿದ ಕೆಂಪು ಇನ್ನೂ ಹಸಿಯಾಗಿತ್ತು.

"ಎಲ್ಲಿ ನೇಯ್ತಿ?" ಎಂದಳು.

"ಏನು?"

"ಎಲ್ಲಿ ನೇಯ್ತಿ ಅಂತ ಕೇಳ್ದೆ."

ಅವನು ಕಾಲು ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಮುಳ್ಳು ಇನ್ನೂ ಒಳಗಿತ್ತು.

"ಗಂಗಾವತ್ಯಾಗ," ಎಂದ ಕೊನೆಗೆ. "ಮೂಕಪ್ಪ ಅಂತ. ಯುದ್ಧಕ್ಕ ಮೊದಲ ನೂಲು ಕೂಡಿಟ್ಟಾನ. ಅವನ ಮನ್ಯಾಗ ಆರು ಮಗ್ಗ ನಡೀತಾವ."

"ಯಾವಾಗಿಂದ?"

"ಶ್ರಾವಣದಿಂದ."

"ಶ್ರಾವಣದಿಂದ ಇಲ್ಲಿ ಛತ್ರದ ಜೋಳ ಉಂಡಿ, ಅಲ್ಲಿ ಕೂಲಿ ಎಣಿಸಿದಿ. ಎಲ್ಲಿ ಆ ರೊಕ್ಕ?"

"ಮೂಕಪ್ಪನ ಹತ್ರನ ಇಟ್ಟೀನಿ. ಅವನ ಮಗಳ್ನ ನನಗ ಕೊಡ್ತಾನ ಅತ್ತಿಗಿ. ನಿಮಗ ಹೇಳೋನ ಇದ್ದೆ. ಕೈಯಾಗ ನಾಕು ಕಾಸು ಆಗ್ಲಿ ಅಂತ ತಡದಿದ್ದೆ."

ಕೊಟ್ರಬಸಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಬಾವಿಕಟ್ಟೆಯಲ್ಲಿ ತಾಯಕ್ಕ ಆಡಿದ ಮಾತು ಈಗ ನೆನಪಾಯಿತು.

"ಉಜ್ಜಿನಪ್ಪಾ, ಇನ್ಸ್‌ಪೆಕ್ಟರಗ ಹೇಳಿದವ್ರು ಯಾರು?"

ಅವನು ತಲೆ ತಗ್ಗಿಸಿ ಕಟ್ಟೆಯ ಸುಣ್ಣ ಕೆರೆಯುತ್ತ ಕೂತ. ಆಮೇಲೆ ಒಂದೊಂದೇ ಮಾತು ಬಂತು. ಹರಿಗೋಲಿನಿಂದ ಇಳಿಯುವಾಗ ದಂಡೆಯಲ್ಲೇ ಆ ಮನುಷ್ಯ ಹಿಡಿದನಂತೆ. ನಿನ್ನ ಹೆಸರು ಪರಿಹಾರದಲ್ಲಿದೆ, ದಿನಾ ಆಚೆಗೆ ಯಾಕೆ ಹೋಗುತ್ತೀ, ಕೂಲಿ ಮಾಡುತ್ತೀಯೇನು ಎಂದನಂತೆ. ನಾನಲ್ಲ ಸ್ವಾಮಿ, ಮನೆಯಲ್ಲಿ ಮಗ್ಗ ನಡೆಯುತ್ತದೆ, ಹೋಗಿ ಮೂಲೆಯ ಗೋಣಿತಟ್ಟು ಎತ್ತಿ ನೋಡಿ ಎಂದುಬಿಟ್ಟನಂತೆ.

"ದೇವಿ ಗೇಣು ನೋಡಿ ಬೈದು ಬಿಡ್ತಾರ ಅನ್ಕೊಂಡೆ ಅತ್ತಿಗಿ. ಇಷ್ಟಾಗ್ತದ ಅಂತ ಗೊತ್ತಿರಲಿಲ್ಲ."

"ನಾ ನೇಯ್ದ ಗೇಣು," ಎಂದಳು ಕೊಟ್ರಬಸಮ್ಮ. "ನಿಮ್ಮವ್ವನ ಕಣ್ಣು ಹೋಗೇತಿ ಅಂತ ನಾ ನೇಯ್ದದ್ದು. ಅದನ್ನ ತೋರಿಸಿ ನಿನ್ನ ಕೂಲಿ ಉಳಿಸ್ಕೊಂಡಿ. ತಾಯಕ್ಕನ ಹೆಸರು ತಗದಾಗ ಹೂಂ ಅಂದಿ."

ಉಜ್ಜಿನಪ್ಪ ಅತ್ತ. ಅಳುವಾಗ ಅವನ ಕೆಳತುಟಿ ಇನ್ನೂ ಐದು ವರ್ಷದವನಂತೆಯೇ ಹೊರಗೆ ಬರುತ್ತಿತ್ತು, ಅದನ್ನು ನೋಡಿ ಅವಳಿಗೆ ಸಿಟ್ಟು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಅದೇ ಅವಳು ಮಾಡಿದ ತಪ್ಪು.

"ನಲವತ್ತಕ್ಕಿಂತ ಜಾಸ್ತೀನ ಐತಿ ನನ್ನ ರೊಕ್ಕ," ಎಂದ ಅವನು. "ಆಯಿತವಾರ ಸಂಜಿ ಒಳಗ ತರ್ತೀನಿ. ಸರಕಾರಕ್ಕೂ ಕಟ್ಟೋಣ, ಉಚ್ಚೆಂಗಪ್ಪನ ಮುಂಗಡಾನೂ ತಿರುಗಿ ಕೊಡೋಣ. ಮಗ್ಗ ಎಲ್ಲಿಗೂ ಹೋಗೂದಿಲ್ಲ. ಅಣ್ಣಗ ಮಾತ್ರ ಹೇಳಬ್ಯಾಡ. ಅವ ಮುಖ ನೋಡೂದಿಲ್ಲ ನನ್ನ."

"ಆಣಿ ಮಾಡು."

ಅಂಗಿಯೊಳಗೆ ಕೈ ಹಾಕಿ ಕೊರಳಲ್ಲಿದ್ದ ಲಿಂಗ ಮುಟ್ಟಿ ಆಣೆ ಮಾಡಿದ. ಕೊಟ್ರಬಸಮ್ಮ ಸೂಜಿ ಮತ್ತೆ ಕೈಗೆತ್ತಿಕೊಂಡು ಮುಳ್ಳು ತೆಗೆದಳು. ಗಾಯಕ್ಕೆ ಬಿಸಿ ಎಣ್ಣೆ ಬಿಟ್ಟಳು. ಮಾರನೆಯ ದಿನ ಹೊಳೆಗೆ ಹೊರಟವನಿಗೆ ಮನೆಯಲ್ಲಿ ಉಳಿದಿದ್ದ ಹಿಟ್ಟು ಬಳಿದು ರೊಟ್ಟಿ ಮಾಡಿ ಕಟ್ಟಿಕೊಟ್ಟಳು. ಗಂಡನಿಗೆ ಹೇಳಲಿಲ್ಲ, ಅತ್ತೆಗೆ ಹೇಳಲಿಲ್ಲ. ತಾಯಕ್ಕನ ಮನೆಯ ಬಾಗಿಲವರೆಗೆ ಹೋಗಿ, ಹೇಗೆ ಬಾಯಿ ತೆಗೆಯುವುದು ತಿಳಿಯದೆ ವಾಪಸು ಬಂದಳು.

ಆಯಿತವಾರ ಅವನಿಗೆ ಇಷ್ಟವೆಂದು ಪುಂಡಿಪಲ್ಲೆ ಮಾಡಿದಳು. ಸೊಪ್ಪು ಹೊಲದ ಬದುವಿನಿಂದ ತಂದದ್ದು, ಒಗ್ಗರಣೆಗೆ ಎಣ್ಣೆ ಸಾಲ ತಂದದ್ದು. ನೆಗ್ಗಿದ ಗಂಗಾಳವನ್ನು ಹುಣಸೆಹಣ್ಣು ಹಾಕಿ ತಿಕ್ಕಿಟ್ಟಳು. ಸಂಜೆಯಾಯಿತು, ದೀಪ ಹಚ್ಚಿದರು.

"ತಮ್ಮ ಯಾಕ ಬರಲಿಲ್ಲ?" ಎಂದ ಹಾಲಸ್ವಾಮಿ.

"ಬರ್ತಾನ, ಕುಂದ್ರಿ. ಹರಿಗೋಲು ತಡ ಆಗಿರಬೇಕು."

"ನಾಳೆ ಬಂಡಿ ಬರೋವಾಗ ಇದ್ದಿದ್ರ ಒಂದು ಕೈ ಆಗ್ತಿತ್ತು," ಎಂದ ಹಾಲಸ್ವಾಮಿ. ಅವನಿಗೆ ತಮ್ಮನ ಮೇಲೆ ಅಷ್ಟು ನಂಬಿಕೆ.

ಸೋಮವಾರ ಬೆಳಿಗ್ಗೆ ಬಂಡಿ ಬಂತು. ತಮ್ಮ ಬರಲಿಲ್ಲ. ಕೊಟ್ರಬಸಮ್ಮ ಒಳಗೂ ಹೊರಗೂ ತಿರುಗಿದಳು. ಉಚ್ಚೆಂಗಪ್ಪನಿಗೆ ನೀರು ಕೊಟ್ಟಳು, ಅಂಬಲಿ ಕೊಟ್ಟಳು, ರಾಹುಕಾಲ ಎಂದಳು, ಊಟದ ಹೊತ್ತಿನವರೆಗೆ ತಡೆಯಿರಿ ಎಂದಳು.

"ಏನಾಗೇತಿ ನಿನಗ?" ಎಂದು ಹಾಲಸ್ವಾಮಿ ಗದರಿದ. "ಅವ್ರಿಗೇನು ಬ್ಯಾರೆ ಕೆಲಸ ಇಲ್ಲೇನು?"

ಮಗ್ಗ ಬಿಚ್ಚುವಾಗ ಅದರ ಗೂಟಗಳು ನೆಲದಿಂದ ಸುಲಭಕ್ಕೆ ಬರಲಿಲ್ಲ. ಹಾರೆ ಹಾಕಿ ಮೀಟಬೇಕಾಯಿತು. ಸಂಗಮ್ಮ ಒಂದೊಂದು ಮರದ ಸದ್ದಿಗೂ ಅದರ ಹೆಸರು ಹೇಳುತ್ತಿದ್ದಳು, ಇದು ಕುಂಟೆ, ಇದು ಹಣಿಗೆ ಕಟ್ಟು, ಇದು ಕಾಲ ಹಲಗೆ. ಎಲ್ಲ ಹೊರಗೆ ಹೋದ ಮೇಲೆ ಕೈಯಿಂದ ತಡವುತ್ತ ಬಂದು ಬರಿ ಕುಣಿಯ ಅಂಚಿನಲ್ಲಿ ಕೂತಳು. ಹಾಲಸ್ವಾಮಿ ಉಳಿದ ರೊಕ್ಕ ಎಣಿಸಿಕೊಂಡು ಸರಕಾರದ ನಲವತ್ತು ಕಟ್ಟಲು ಛತ್ರದ ಕಡೆ ನಡೆದ.

ಕೊಟ್ರಬಸಮ್ಮ ಹೊಸ್ತಿಲಲ್ಲಿ ನಿಂತು ಬಂಡಿ ನೋಡಿದಳು. ಓಣಿಯ ಕೊನೆಯಲ್ಲಿ ಅದು ಎಡಕ್ಕೆ ತಿರುಗಬೇಕು, ಹೊಸಪೇಟೆ, ಸಂಡೂರಿನ ದಾರಿ ಅದೇ. ಬಂಡಿ ಬಲಕ್ಕೆ ತಿರುಗಿತು. ಬಲಕ್ಕೆ ಹೋದರೆ ಕೋಟೆ, ಕೋಟೆಯಾಚೆ ಹೊಳೆ, ಬೇರೆ ದಾರಿಯೇ ಇಲ್ಲ. ಅವಳು ಸೆರಗು ಹೊದ್ದು ಅದರ ಹಿಂದೆ ಹೋದಳು.

ದಂಡೆಯಲ್ಲಿ ದೊಡ್ಡ ಹರಿಗೋಲು ನಿಂತಿತ್ತು. ಮೊಣಕಾಲುದ್ದ ನೀರಿನಲ್ಲಿ ನಿಂತು ಬಂಡಿಯಿಂದ ಮರಗಳನ್ನು ಹೆಗಲ ಮೇಲೆ ಇಳಿಸಿಕೊಳ್ಳುತ್ತಿದ್ದವನು ಉಜ್ಜಿನಪ್ಪ. ಒಂದು ಕಾಲಿಗೆ ಬಟ್ಟೆ ಸುತ್ತಿದ್ದ, ಮುಳ್ಳು ತೆಗೆದ ಕಾಲು. ಪಕ್ಕದಲ್ಲಿ ಜರಿ ರುಮಾಲಿನ ದಪ್ಪ ಮನುಷ್ಯನೊಬ್ಬ, ಮೆಲ್ಲಗೆ, ಹಣಿಗೆ ಜೋಪಾನ ಎನ್ನುತ್ತಿದ್ದ. ಅವನೇ ಮೂಕಪ್ಪ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಉಜ್ಜಿನಪ್ಪ ಅವಳನ್ನು ಕಂಡ. ಕುಂಟೆಯನ್ನು ಹೆಗಲಿನಿಂದ ಇಳಿಸಲಿಲ್ಲ.

"ಹೊರಗಿನವರಿಗೆ ಹೋಗೋದಕ್ಕಿಂತ ಮನ್ಯಾಗ ಉಳೀತಲ್ಲ ಅತ್ತಿಗಿ," ಎಂದ.

"ಯಾರ ಮನ್ಯಾಗ?"

"ಮಾವ ಮದುವಿಗೆ ಸ್ವಂತ ಮಗ್ಗ ಇರಬೇಕು ಅಂದ. ಹೊಸಾದು ಎಲ್ಲಿ ಸಿಗ್ತದ ಈಗ? ಅಣ್ಣನ ಕೇಸೂ ಹೋತು, ರೊಕ್ಕನೂ ಮುಟ್ತು. ಯಾರಿಗೇನು ಲುಕ್ಸಾನ ಆತು ಹೇಳು."

"ಆ ನಲವತ್ತೈದು ಯಾರದು?"

"ನಂದ. ನನ್ನ ಕೂಲೀದು."

"ಲಿಂಗ ಮುಟ್ಟಿದ್ದಿ," ಎಂದಳು.

ಅವನು ಕುಂಟೆಯನ್ನು ಹರಿಗೋಲಿನೊಳಗೆ ಇಟ್ಟ. ಮೂಕಪ್ಪ ಯಾರೋ ಈಕಿ ಎಂದು ಕೇಳಿದ. ನಮ್ಮ ಅಣ್ಣನ ಹೆಂಡತಿ ಎಂದ ಉಜ್ಜಿನಪ್ಪ. ಹದಿನೆಂಟು ವರ್ಷ ಅತ್ತಿಗಿ ಅತ್ತಿಗಿ ಎಂದು ಸೆರಗು ಹಿಡಿದು ತಿರುಗಿದವನು ಆಡಿದ ಮಾತು ಅದು. ಹರಿಗೋಲು ತಿರುಗುತ್ತ ತಿರುಗುತ್ತ ಆಚೆಗೆ ಹೋಯಿತು. ನಡುಹೊಳೆ ದಾಟುವವರೆಗೆ ಅವಳು ನಿಂತಿದ್ದಳು.

ಮನೆಗೆ ಬಂದು, ಗಂಡ ಛತ್ರದಿಂದ ತಿರುಗಿ ಬಂದ ಮೇಲೆ ಎಲ್ಲ ಹೇಳಿದಳು. ದಡ್ಡು, ದಂಡೆ, ಆಣೆ, ಹರಿಗೋಲು ಏನೂ ಬಿಡಲಿಲ್ಲ. ಸಂಗಮ್ಮ ಕುಣಿಯ ಅಂಚಿನಿಂದ ಏಳಲಿಲ್ಲ. "ನಾನ ಹೆತ್ತದ್ದು," ಎಂದಳು.

"ಗುರುವಾರದಿಂದ ನಿನಗ ಗೊತ್ತಿತ್ತು," ಎಂದ ಹಾಲಸ್ವಾಮಿ.

"ತರ್ತೀನಿ ಅಂದಿದ್ದ. ಆಣಿ ಮಾಡಿದ್ದ."

"ಗುರುವಾರ ಹೇಳಿದ್ರ ಶುಕ್ರವಾರ ನಾನ ಗಂಗಾವತಿಗೆ ಹೋಗ್ತಿದ್ದೆ. ಕುತ್ತಿಗಿ ಹಿಡಿದು ರೊಕ್ಕ ತರ್ತಿದ್ದೆ. ಇಲ್ಲಾ ಉಚ್ಚೆಂಗಪ್ಪನ ಬಂಡೀನರ ತಿರುಗಿ ಕಳಸ್ತಿದ್ದೆ. ಅವ ಮೋಸ ಮಾಡಿದ್ದು ಬ್ಯಾರೆ ಮಾತು. ನೀನು ನನ್ನ ಮುಂದ ಕುಂತು, ಬರ್ತಾನ ಕುಂದ್ರಿ ಅಂದಿ."

ಅವತ್ತಿನಿಂದ ಹಾಲಸ್ವಾಮಿ ಹೆಂಡತಿಯ ಜೊತೆ ಮಾತು ಬಿಟ್ಟ. ಉಪ್ಪು ಬೇಕಾದರೆ ತಾಯಿಗೆ ಹೇಳುತ್ತಿದ್ದ, ತಾಯಿ ಸೊಸೆಗೆ ಹೇಳುತ್ತಿದ್ದಳು. ಕೊಟ್ರಬಸಮ್ಮನೂ ಜಲ್ಲಿ ಕೆಲಸಕ್ಕೆ ಹೊರಟಳು. ಒಂದೇ ರಸ್ತೆಯಲ್ಲಿ ಗಂಡ ಮುಂದೆ, ಇವಳು ಹಿಂದೆ, ನಡುವೆ ಹತ್ತು ಮಾರು ದೂರ. ಒಂದು ಸಂಜೆ ತಾಯಕ್ಕನ ಮನೆಗೆ ಹೋಗಿ, ನನ್ನದು ತಪ್ಪಾತು ಎಂದಳು. ತಾಯಕ್ಕ ಒಳಗೆ ಕರೆಯಲಿಲ್ಲ, ಹೋಗು ಎನ್ನಲೂ ಇಲ್ಲ. ನಿಂತುಕೊಂಡೇ, "ಅಮಾಸಿಗೆ ಬತ್ತಿ ಏನು ಹಚ್ಚತೀರಿ?" ಎಂದು ಕೇಳಿದಳು. ಹರಿದ ಸೀರೆಯ ಚೂರು ಎಂದಳು ಕೊಟ್ರಬಸಮ್ಮ. ನಾವೂ ಅದನ್ನ ಎಂದಳು ತಾಯಕ್ಕ.

ಕುಣಿ ಮುಚ್ಚಲು ಸಂಗಮ್ಮ ಬಿಡಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಅದು ಹಾಗೇ ಬಾಯಿ ತೆರೆದುಕೊಂಡಿತ್ತು. ಹೋಗುವವರು ಬರುವವರು ಬದಿಗೆ ಸರಿದು ನಡೆಯುತ್ತಿದ್ದರು.

ಪುಷ್ಯದ ಕೊನೆಗೆ ಒಂದು ಮಧ್ಯಾಹ್ನ, ಜಲ್ಲಿಗೆ ರಜೆ ಇದ್ದ ದಿನ, ಉಜ್ಜಿನಪ್ಪ ಬಂದ. ಹೊಸ ಧೋತರ, ತಲೆಗೆ ರುಮಾಲು, ಕೈಯಲ್ಲಿ ಅರಿಶಿನ ಕುಂಕುಮ ಎಲೆ ಅಡಿಕೆಯ ತಟ್ಟೆ, ಒಂದು ಹಸಿರು ಸೀರೆ. ಬಾಗಿಲ ಕಟ್ಟೆಯ ಮುಂದೆ ನಿಂತ. ಹಾಲಸ್ವಾಮಿ ಕಟ್ಟೆಯ ಮೇಲೆ ಕೂತು ಅಂಗೈಯ ಸಿಪ್ಪೆ ಕೀಳುತ್ತಿದ್ದ. ಕೊಟ್ರಬಸಮ್ಮ ಬಾಗಿಲಲ್ಲಿದ್ದಳು.

"ಅಣ್ಣ, ಬರೋ ತಿಂಗಳು ಮದುವಿ," ಎಂದ ಉಜ್ಜಿನಪ್ಪ. "ಅವ್ವಗ ಕಣ್ಣು ಕಾಣೂದಿಲ್ಲ. ತಾಯಿ ಜಾಗದಾಗ ಅತ್ತಿಗಿ ಕುಂದ್ರಬೇಕು. ಸೀರಿ ತಂದೀನಿ. ಆದದ್ದು ಆಗಿಹೋತು. ಹೊಟ್ಟ್ಯಾಗ ಹಾಕ್ಕೊಳ್ರಿ."

ಒಳಗೆ ಒಲೆಯ ಮೇಲೆ ನುಚ್ಚು ಕುದಿಯುತ್ತಿತ್ತು. ಆ ವಾಸನೆಗೋ ಏನೋ ಅವನು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು ಕಾಲು ತೊಳೆಯಲು ಹಿತ್ತಲ ಕಡೆ ಹೊರಟ. "ಹಸಿವಾಗೇತಿ ಅತ್ತಿಗಿ, ನನ್ನ ಗಂಗಾಳ ಹಾಕು," ಎಂದ, ಏನೂ ಆಗಿಯೇ ಇಲ್ಲವೆಂಬಂತೆ.

ಆಗ ಹಾಲಸ್ವಾಮಿ ತಲೆ ಎತ್ತಿದ. ತಮ್ಮನನ್ನಲ್ಲ, ಹೆಂಡತಿಯನ್ನು ನೋಡಿದ. ಆ ಸೋಮವಾರದ ನಂತರ ಅವಳ ಜೊತೆ ಅವನು ಆಡಿದ ಮೊದಲ ಮಾತು ಅದು.

"ಬೀಗರು ಬಂದಾರ," ಎಂದ. "ಕಟ್ಟಿ ಮ್ಯಾಲೆ ಎಲಿ ಹಾಕು."

ಕೊಟ್ರಬಸಮ್ಮ ಒಳಗೆ ಹೋದಳು. ಗೂಡಿನಲ್ಲಿ ನೆಗ್ಗಿದ ಗಂಗಾಳ ಇತ್ತು. ಅದನ್ನು ದಾಟಿ ಕೈ ಚಾಚಿ ಮುತ್ತುಗದ ಎಲೆ ತೆಗೆದಳು. ಕಟ್ಟೆಗೆ ನೀರು ಚಿಮುಕಿಸಿ, ಎಲೆ ಹಾಸಿ, ತಂಬಿಗೆ ಇಟ್ಟು, ಹೊರಗಿನಿಂದ ಬಂದ ನೆಂಟರಿಗೆ ಬಡಿಸುವ ಹಾಗೆ ಬಡಿಸಿದಳು. ಮೊದಲು ಉಪ್ಪು, ಆಮೇಲೆ ಚಟ್ನಿ, ಆಮೇಲೆ ನುಚ್ಚು.

"ಕುಂದ್ರಿ," ಎಂದಳು. "ಕೈ ತೊಳ್ಕೊಳ್ರಿ. ಬಿಸಿ ಐತಿ, ಮೆಲ್ಲಕ ಉಣ್ರಿ."

ಉಜ್ಜಿನಪ್ಪ ಎಲೆ ನೋಡಿದ, ಬಾಗಿಲ ಒಳಗೆ ನೋಡಿದ. ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು. ಅವನ ಕೆಳತುಟಿ ಹೊರಗೆ ಬಂತು. ಈ ಸಲ ಅವಳು ಅದನ್ನು ನೋಡುತ್ತಲೇ ನಿಂತಿದ್ದಳು, ಸರಿಯಲಿಲ್ಲ.

ಕುಣಿಯ ಅಂಚಿನಿಂದ ಸಂಗಮ್ಮನ ದನಿ ಬಂತು. "ಯಾರವ್ವ ಬಂದದ್ದು?"

ಮಗನ ದನಿ ಆ ಮುದುಕಿಗೆ ತಿಳಿಯದೆ ಇರುತ್ತದೆಯೇ. ಕೊಟ್ರಬಸಮ್ಮ ತಿರುಗದೆ ಹೇಳಿದಳು. "ಗಂಗಾವತಿ ಬೀಗರ ಕಡೆಯವರು ಅತ್ತಿ. ಮದುವಿಗೆ ಹೇಳಾಕ ಬಂದಾರ."

ಸಂಗಮ್ಮ ಕುಣಿಯ ಅಂಚನ್ನು ಅಂಗೈಯಿಂದ ಸವರಿದಳು.

"ಉಣಿಸಿ ಕಳಸ್ರಿ," ಎಂದಳು. "ಹೊಳಿ ದಾಟಿ ಹೋಗೋರು, ಹೊತ್ತಾಗ್ತದ."

ಅವನು ನಾಲ್ಕು ತುತ್ತು ಉಂಡ. ಎದ್ದು, ಉಂಡ ಎಲೆ ತಾನೇ ಎತ್ತಲು ಬಗ್ಗಿದ. ಈ ಮನೆಯ ಮಕ್ಕಳು ಉಂಡದ್ದನ್ನು ತಾವೇ ಎತ್ತುವುದು ರೂಢಿ.

"ಬಿಡ್ರಿ," ಎಂದಳು ಕೊಟ್ರಬಸಮ್ಮ. "ಎಲಿ ನಾವು ತಗೀತೀವಿ."

ಸೀರೆಯ ತಟ್ಟೆಯನ್ನು ಅವನ ಕೈಗೆ ವಾಪಸು ಕೊಟ್ಟು, ಒಳಗೆ ಹೋಗಿ ಗಂಡನಿಗೆ ನುಚ್ಚು ಹಾಕಿದಳು. ಹಾಲಸ್ವಾಮಿ ಒಳಗೆ ಬಂದು ಕೂತು ಅವಳನ್ನೇ ಉಪ್ಪು ಕೇಳಿದ.